ನಿಂಗಯ್ಯ ಬರೆದ ನಾನೂರೈವತ್ತು

ನಿಂಗಯ್ಯನ ಕಣ್ಣಿಗೆ ಬೆಂಕಿ ಸುಳ್ಳು ಹೇಳುವುದಿಲ್ಲ ಎಂಬ ಮಾತು ಮಂಡ್ಯದ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಓಡಾಡುತ್ತಿತ್ತು. ಅಲ್ಲಿಗೆ ಅಟೆಂಡರ್ ಆಗಿ ಸೇರುವ ಮೊದಲು ಅವನು ತನ್ನೂರು ಚಿಕ್ಕರಸಿನಕೆರೆಯ ಹತ್ತಿರದ ಒಂದು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದ. ಕೊಪ್ಪರಿಗೆಯ ನೊರೆ ಯಾವ ಬಣ್ಣಕ್ಕೆ ತಿರುಗಿದರೆ ಉರಿ ತಗ್ಗಿಸಬೇಕು, ಎಂಥ ಘಮಲು ಬಂದರೆ ಇಳಿಸಬೇಕು ಅನ್ನುವುದನ್ನು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಾಲೇಜಿನ ಲೋಹದ ಲ್ಯಾಬಿನಲ್ಲಿ ಹಳೆಯದೊಂದು ಫರ್ನೇಸು ಇತ್ತು, ಕರೆಂಟಿನಿಂದ ಕಾಯುವ ಇಟ್ಟಿಗೆಯ ಗೂಡು. ಅದರ ಬಾಗಿಲ ತೂತಿಗೆ ಕಣ್ಣಿಟ್ಟು, "ಏಳ್ನೂರಾಗೈತೆ ಸಾ, ಎಂಟ್ನೂರಾಗಿಲ್ಲ," ಅಂತ ಅವನು ಹೇಳಿದರೆ ಶಾಖ ತೋರಿಸುವ ಮಾಪಕದ ಮುಳ್ಳೂ ಅಲ್ಲೇ ನಿಂತಿರುತ್ತಿತ್ತು. ಹೊಸದಾಗಿ ಬಂದ ಮೇಷ್ಟ್ರುಗಳು ಇದನ್ನು ನೋಡಿ ಬೆರಗಾಗುತ್ತಿದ್ದರು. ಆ ಬೆರಗು ನಿಂಗಯ್ಯನಿಗೆ ಬೆಲ್ಲಕ್ಕಿಂತ ಸಿಹಿಯಾಗಿತ್ತು.

ಐದು ವರ್ಷದ ಹಿಂದೆ ಹಳೆ ಗೂಡು ಕೆಟ್ಟು ಹೊಸದು ಬಂತು. ಅದಕ್ಕೆ ತೂತೂ ಇಲ್ಲ, ಮುಳ್ಳೂ ಇಲ್ಲ. ಹೊಟ್ಟೆಯ ಕೆಳಗೆ ನಾಲ್ಕು ಬಟನ್ನು, ಒಂದು ಸಣ್ಣ ಗಾಜಿನ ಕಿಟಕಿ, ಅದರೊಳಗೆ ಕೆಂಪು ಅಂಕಿ. ಮಿಷನ್ನು ತಂದ ಕಂಪನಿಯ ಹುಡುಗ ಕಾಲುಗಂಟೆ ಇಂಗ್ಲಿಷು, ಹಿಂದಿ ಕಲಸಿ ಮಾತಾಡಿದ. ಎಷ್ಟು ಹೊತ್ತಿಗೆ ಎಷ್ಟು ಬಿಸಿಯೇರಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನೆಲ್ಲ ಮೊದಲೇ ತುಂಬಿಸಿ ಒಂದು, ಎರಡು ಅಂತ ನಂಬರು ಕೊಟ್ಟು ಇಡಬಹುದಂತೆ. ಬೇಕಾದ ನಂಬರು ಆರಿಸಿ ಹಸಿರು ಬಟನ್ನು ಒತ್ತಿದರೆ ಮುಗಿಯಿತಂತೆ. ಕೊನೆಗೆ ಲ್ಯಾಬಿನ ಯಜಮಾನರಾದ ಪ್ರೊಫೆಸರ್ ಪಾರ್ಥಸಾರಥಿಯವರು ತಿರುಗಿ, "ಗೊತ್ತಾಯಿತೇನು ನಿಂಗಯ್ಯ?" ಎಂದು ಕೇಳಿದರು.

ನಿಂಗಯ್ಯನಿಗೆ ಹಸಿರು ಬಟನ್ನೊಂದು ಬಿಟ್ಟು ಬೇರೇನೂ ತಲೆಗೆ ಹೋಗಿರಲಿಲ್ಲ. ಆದರೆ ಸುತ್ತ ಎಂಟು ಜನ ಹುಡುಗರು ನಿಂತಿದ್ದರು.

"ಗೊತ್ತಾಯ್ತು ಸಾ," ಅಂದ.

ಆ ವರ್ಷವೇ ದೀಪಿಕ ಲ್ಯಾಬಿಗೆ ಬಂದದ್ದು. ಮಳವಳ್ಳಿಯ ಹುಡುಗಿ, ಪಾರ್ಥಸಾರಥಿಯವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಬೆಳಿಗ್ಗೆ ತನ್ನ ಸಂಶೋಧನೆ, ಮಧ್ಯಾಹ್ನ ಎರಡೂವರೆಯಿಂದ ಐದರವರೆಗೆ ಬೇರೆ ಬ್ಲಾಕಿನಲ್ಲಿ ಹುಡುಗರಿಗೆ ಪಾಠ, ಆಮೇಲೆ ಮಳವಳ್ಳಿ ಬಸ್ಸು. ಅಟೆಂಡರನ್ನು ಅಣ್ಣ ಎಂದು ಕರೆದು, ತಾನು ಮಾಡುವುದೇನೆಂದು ಕೂರಿಸಿಕೊಂಡು ತೋರಿಸಿದವಳು ಅಲ್ಲಿ ಅವಳೊಬ್ಬಳೇ.

"ಇದು ಟೈಟಾನಿಯಂ ತಗಡು, ನಿಂಗಯ್ಯಣ್ಣ. ಮೂಳೆ ಮುರಿದೋರಿಗೆ, ಹಲ್ಲು ಕಟ್ಟಿಸ್ಕೊಳ್ಳೋರಿಗೆ ಒಳಗೆ ಹಾಕ್ತಾರಲ್ಲ, ಅದೇ ಲೋಹ. ಇದನ್ನ ಆಮ್ಲದಲ್ಲಿಟ್ಟು ಕರೆಂಟ್ ಬಿಟ್ರೆ ಮೇಲೆ ಒಂದು ಪೊರೆ ಬೆಳೆಯುತ್ತೆ. ಪೊರೆ ತುಂಬ ಕೊಳವೆಗಳು. ಕೂದಲಿನ ದಪ್ಪದಲ್ಲಿ ಸಾವಿರ ಭಾಗ ಮಾಡಿದ್ರೆ ಒಂದು ಭಾಗದಷ್ಟು ಸಣ್ಣವು."

ಅವಳು ಸಿರಿಂಜಿನಿಂದ ಒಂದು ಹನಿ ನೀರು ಬಿಟ್ಟಳು. ಹನಿ ಕೆಸುವಿನೆಲೆಯ ಮೇಲಿನ ಹಾಗೆ ಗುಂಡಗಲ್ಲದಿದ್ದರೂ ಉಬ್ಬಿಕೊಂಡು ನಿಂತಿತು. ಆಮೇಲೆ ಇನ್ನೊಂದು ತಗಡು ತೆಗೆದಳು. ಅದೂ ಅಂಥದೇ, ಆದರೆ ಅದನ್ನು ನಾನೂರೈವತ್ತು ಡಿಗ್ರಿಯಲ್ಲಿ ಎರಡು ಗಂಟೆ ಕಾಸಿ ಆರಿಸಿದ್ದಳು. ಅದರ ಮೇಲೆ ಬಿಟ್ಟ ಹನಿ ನಿಲ್ಲಲೇ ಇಲ್ಲ. ಮುಟ್ಟಿದ್ದೇ ತಡ ತೆಳ್ಳಗೆ ಹರಡಿ ತಗಡಿಗೆ ಅಂಟಿಕೊಂಡಿತು.

"ಅಲೆಲೆಲೆ!" ಅಂದ ನಿಂಗಯ್ಯ. "ಕಾಸಿದ್ದಕ್ಕೇ ಇಂಗಾಯ್ತಾ ಕಣವ್ವ?"

"ಕಾಸಿದ್ದಕ್ಕೇ. ಹದವಾಗಿ ಕಾದ್ರೆ ಕೊಳವೆ ಹಾಗೇ ಇದ್ದು ಒಳಗಿನ ಕಟ್ಟು ಬದಲಾಗುತ್ತೆ, ನೀರನ್ನ ಎಳ್ಕೊಳ್ಳುತ್ತೆ. ಹದ ಮೀರಿದ್ರೆ ಕೊಳವೆಗಳೆಲ್ಲ ಕುಸಿದು ಒಂದಕ್ಕೊಂದು ಅಂಟ್ಕೊಂಡುಬಿಡ್ತವೆ, ಆಗ ಹನಿ ಮತ್ತೆ ಉಬ್ಬುತ್ತೆ. ನೀರು ಒಪ್ಪದ ಲೋಹವನ್ನ ಮೂಳೆನೂ ಬೇಗ ಒಪ್ಪಲ್ಲ ಅಣ್ಣ. ಹದ ಯಾವುದು ಅಂತ ಕಂಡುಹಿಡಿಯೋದೇ ನನ್ನ ಕೆಲಸ. ಅರ್ಧ ಕೆಲಸ ನಿಮ್ಮದೇ."

ಆ ಕೊನೆಯ ಮಾತನ್ನು ನಿಂಗಯ್ಯ ಮನೆಗೆ ಹೋಗಿ ಹೆಂಡತಿ ಮಾಯಮ್ಮನಿಗೆ ಎರಡು ಸಲ ಹೇಳಿದ.

ಕೆಲಸ ಹೀಗಿತ್ತು. ಎರಡೂವರೆಗೆ ದೀಪಿಕ ತಗಡುಗಳನ್ನು ಫರ್ನೇಸಿನ ಒಳಗಿಟ್ಟು ಪಾಠಕ್ಕೆ ಹೋಗುತ್ತಾಳೆ. ನಿಂಗಯ್ಯ ಬಟನ್ನು ಒತ್ತಬೇಕು. ನಾಲ್ಕರ ಹೊತ್ತಿಗೆ ನಾನೂರೈವತ್ತು ಮುಟ್ಟುತ್ತದೆ. ಅಲ್ಲಿಂದ ಆರರವರೆಗೆ ಅರ್ಧ ಗಂಟೆಗೊಮ್ಮೆ ಕಿಟಕಿಯ ಅಂಕಿ ನೋಡಿ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಪುಟದಲ್ಲಿ ದಿನಕ್ಕೆ ಐದು ಮನೆ, ಐದು ಅಂಕಿ. ಬೆಳಿಗ್ಗೆ ಬರುವಷ್ಟರಲ್ಲಿ ಗೂಡು ಆರಿರುತ್ತದೆ.

ಮೊದಲ ಎರಡು ವಾರ ನಿಂಗಯ್ಯ ಸ್ಟೂಲು ಹಾಕಿಕೊಂಡು ಕೂತೇ ಬರೆದ. ಆದರೆ ಆರಕ್ಕೆ ಬಿಟ್ಟರೆ ಐದು ಹತ್ತರ ಬಸ್ಸು ತಪ್ಪುತ್ತಿತ್ತು. ಅದು ತಪ್ಪಿದರೆ ಕೆ.ಎಂ. ದೊಡ್ಡಿಯಲ್ಲಿ ಊರಿನ ಬಸ್ಸೂ ತಪ್ಪುತ್ತಿತ್ತು, ಮನೆ ಸೇರುವಾಗ ಡೇರಿ ಬಾಗಿಲು ಹಾಕಿರುತ್ತಿತ್ತು. ಮಾಯಮ್ಮನಿಗೆ ಮಂಡಿನೋವು, ಎರಡು ಹಸು ಕರೆಯಲು ಅವಳಿಗೆ ಕೂರಲಾಗುತ್ತಿರಲಿಲ್ಲ. ಒಂದು ದಿನ ನಿಂಗಯ್ಯ ಕೊನೆಯ ಎರಡು ಮನೆಗಳನ್ನು ಐದಕ್ಕೇ ತುಂಬಿಸಿ ಹೊರಟ. ಬೆಳಿಗ್ಗೆ ಏನೂ ಆಗಿರಲಿಲ್ಲ. ಮುಂದಿನ ವಾರ ಮೂರು ಮನೆ. ತಿಂಗಳಾಗುವಷ್ಟರಲ್ಲಿ ಎರಡೂವರೆಗೆ ಹಸಿರು ಬಟನ್ನು ಒತ್ತಿ, ಆಗಲೇ ಐದೂ ಮನೆಗಳಲ್ಲಿ ಮುತ್ತಿನಂಥ ಅಕ್ಷರದಲ್ಲಿ ನಾನೂರೈವತ್ತು ಎಂದು ಬರೆದು ಸಹಿ ಹಾಕುವುದು ರೂಢಿಯಾಯಿತು. ಬಟನ್ನು ಒತ್ತಿದರೆ ತಗಡು ಕಾಯುತ್ತದೆ, ಪಕ್ಕದಲ್ಲಿ ಕೂತರೆಷ್ಟು ಬಿಟ್ಟರೆಷ್ಟು ಎಂದು ತನಗೆ ತಾನೇ ಹೇಳಿಕೊಂಡ.

ದೀಪಿಕಳ ಹನಿಗಳು ಹುಚ್ಚಾಟ ಶುರುಮಾಡಿದ್ದು ಆ ಸುಮಾರಿಗೇ. ಸೋಮವಾರದ ತಗಡಿನ ಮೇಲೆ ಹನಿ ಹರಡುತ್ತಿತ್ತು. ಬುಧವಾರದ್ದರ ಮೇಲೆ ಉಬ್ಬಿ ನಿಲ್ಲುತ್ತಿತ್ತು. ಅದೇ ಲೋಹ, ಅದೇ ಆಮ್ಲ, ಪುಸ್ತಕದಲ್ಲಿ ಅದೇ ನಾನೂರೈವತ್ತು. ಗಾಳಿಯಲ್ಲಿನ ಜಿಡ್ಡು ಕೂತರೂ ಹನಿ ಉಬ್ಬುವುದುಂಟು ಎಂದು ಅವಳು ಎಲ್ಲೋ ಓದಿದ್ದಳು. ಅಂದಿನಿಂದ ಅವಳು ಕೈ ತೊಳೆಯುವುದೇ ತೊಳೆಯುವುದು. ತಲೆಗೆ ಎಣ್ಣೆ ಹಚ್ಚುವುದು ಬಿಟ್ಟಳು. ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಎಸೆದು ಗಾಜಿನವು ತಂದಳು. ನೀರು ಬದಲಿಸಿದಳು, ಸಿರಿಂಜು ಬದಲಿಸಿದಳು. ಬೆರಳಿನ ಸಂದುಗಳೆಲ್ಲ ಸೋಪಿಗೆ ಬಿರಿದು ಕೆಂಪಾದವು. ನಿಂಗಯ್ಯ ಇದನ್ನೆಲ್ಲ ನೋಡುತ್ತಿದ್ದ. ಪಾಪ, ಹುಡುಗಿ ಕೈ ಎಲ್ಲಿ ಎಡವುತ್ತಿದೆಯೋ ಅಂದುಕೊಳ್ಳುತ್ತಿದ್ದ. ತನ್ನ ಪುಸ್ತಕದ ಕಡೆಗೆ ಅವನ ಮನಸ್ಸು ಹೋಗಲಿಲ್ಲವೋ, ಹೋಗಗೊಡಲಿಲ್ಲವೋ, ಅವನಿಗೇ ಗೊತ್ತು.

ನಾಲ್ಕನೆಯ ತಿಂಗಳು ಪಾರ್ಥಸಾರಥಿಯವರ ತಾಳ್ಮೆ ಮುಗಿಯಿತು. ಅವತ್ತು ನಿಂಗಯ್ಯ ಅವರ ಕೋಣೆಗೆ ಕಾಫಿ ತೆಗೆದುಕೊಂಡು ಹೋಗಿದ್ದ. ದೀಪಿಕ ಮೇಜಿನ ಮುಂದೆ ನಿಂತಿದ್ದಳು.

"ಒಂದೇ ಉಷ್ಣಾಂಶಕ್ಕೆ ಹನಿಯ ಅಂಚಿನಲ್ಲಿ ಹನ್ನೆರಡು ಡಿಗ್ರಿ ಕೋನವೂ ಬರುತ್ತೆ, ಅರವತ್ತೂ ಬರುತ್ತೆ ಅಂದರೆ ಯಾರು ನಂಬುತ್ತಾರಮ್ಮ?" ಅನ್ನುತ್ತಿದ್ದರು ಅವರು. "ಇದು ಅಜಾಗ್ರತೆಯೋ, ಇಲ್ಲ ಮನಸ್ಸಿಗೆ ಬಂದ ಅಂಕಿ ಬರೆಯುವ ಅಭ್ಯಾಸವೋ? ಎರಡನೆಯದಾದರೆ ಈಗಲೇ ಹೇಳಿಬಿಡು, ಇಬ್ಬರ ಸಮಯವೂ ಉಳಿಯುತ್ತೆ."

"ಇಲ್ಲ ಸರ್. ನಾನು ಅಂಕಿ ತಿದ್ದಿಲ್ಲ."

"ಹಾಗಾದರೆ ಫರ್ನೇಸು ತಪ್ಪಿದೆಯೋ?"

"ಇಲ್ಲ ಸರ್," ಅಂದಳು ಅವಳು ತಕ್ಷಣ. "ಅಲ್ಲಿ ನಿಂಗಯ್ಯಣ್ಣ ಕೂತಿರ್ತಾರೆ. ಅರ್ಧ ಗಂಟೆಗೊಂದು ಸಲ ನೋಡಿ ಬರೆದಿದ್ದಾರೆ. ಅದರಲ್ಲಿ ತಪ್ಪಿರಲ್ಲ."

"ಅದು ನನಗೂ ಗೊತ್ತು," ಅಂದರು ಪಾರ್ಥಸಾರಥಿ. "ತಪ್ಪು ನಿನ್ನ ಕಡೆಯದೇ."

ದೀಪಿಕ ತಲೆ ತಗ್ಗಿಸಿದಳು. ಕಣ್ಣೀರು ಹಾಕಿಕೊಂಡದ್ದು ಕಾಣಬಾರದೆಂದು ಗೋಡೆಯ ಕಡೆ ತಿರುಗಿದಳು. ನಿಂಗಯ್ಯ ಲೋಟವನ್ನು ಮೇಜಿನ ಮೇಲಿಟ್ಟು ಹೊರಬಂದ.

ಮಾರನೆಯ ದಿನ ಅವನು ಐದು ಹತ್ತರ ಬಸ್ಸಿಗೆ ಹೋಗಲಿಲ್ಲ. ಎಂದಿನಂತೆ ಹಸಿರು ಬಟನ್ನು ಒತ್ತಿದ್ದ, ಆದರೆ ಪುಸ್ತಕ ಮುಟ್ಟಿರಲಿಲ್ಲ. ಐದಕ್ಕೆ ಫರ್ನೇಸಿದ್ದ ಹಿಂದಿನ ಕೋಣೆಗೆ ಹೋದ. ಕೋಣೆ ಸ್ವಲ್ಪ ಮಬ್ಬು. ಫರ್ನೇಸಿನ ಬಾಗಿಲ ಸಂದಿಯಲ್ಲಿ ದಾರದಷ್ಟು ಸಣ್ಣಗೆ ಒಂದು ಕೆಂಪು ಗೆರೆ.

ನಿಂಗಯ್ಯ ಕಿಟಕಿಯ ಅಂಕಿ ನೋಡಬೇಕಾಗಿರಲಿಲ್ಲ. ನಾನೂರೈವತ್ತಕ್ಕೆ ಯಾವ ಗೂಡಿನೊಳಗೂ ಕೆಂಪು ಹುಟ್ಟುವುದಿಲ್ಲ, ಬರೀ ಕತ್ತಲೆ. ಈ ಕೆಂಪು ಏಳ್ನೂರು ದಾಟಿದ ಕೆಂಪು. ಆದರೂ ಬಗ್ಗಿ ನೋಡಿದ. ಏಳ್ನೂರ ನಲವತ್ತೆಂಟು. ಅಂಕಿಯ ಪಕ್ಕದಲ್ಲಿ ಪುಟ್ಟದಾಗಿ ಎರಡು ಅಂತ ಇತ್ತು. ಪಿಂಗಾಣಿ ಬಿಲ್ಲೆ ಸುಡುವ ಇನ್ನೊಂದು ವಿಭಾಗದ ಹುಡುಗರು ಕೆಲವು ತಿಂಗಳಿಂದ ವಾರದಲ್ಲಿ ಎರಡು ದಿನ, ದೀಪಿಕ ಕಾಸದ ದಿನಗಳಲ್ಲಿ, ಇದೇ ಫರ್ನೇಸು ಬಳಸುತ್ತಿದ್ದರು. ದೀಪಿಕಳದು ಒಂದನೆಯ ನಂಬರು, ಅವರದು ಎರಡನೆಯದು, ಏಳ್ನೂರೈವತ್ತು. ಆರಿಸದೆ ಹಸಿರು ಬಟನ್ನು ಒತ್ತಿದರೆ ಮಿಷನ್ನು ಹಿಂದಿನವರು ಬಿಟ್ಟುಹೋದ ನಂಬರನ್ನೇ ಓಡಿಸುತ್ತಿತ್ತು; ಆ ಹುಡುಗರು ಒಂದೊಂದು ದಿನ ಅದನ್ನು ಒಂದಕ್ಕೆ ತಿರುಗಿಸಿ ಹೋಗುತ್ತಿದ್ದರು, ಒಂದೊಂದು ದಿನ ಮರೆಯುತ್ತಿದ್ದರು. ಕಂಪನಿಯ ಹುಡುಗ ಅವತ್ತು ಬಡಬಡಿಸಿದ್ದು ಇದನ್ನೇ ಎಂದು ನಿಂಗಯ್ಯನಿಗೆ ಈಗ ತಿಳಿಯಿತು. ಗೂಡಿನೊಳಗೆ ಆ ಹುಡುಗಿಯ ಕೊಳವೆಗಳು ಕುಸಿದು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ತಿಂಗಳುಗಟ್ಟಲೆ ಹೀಗೇ ಕುಸಿದಿದ್ದವು.

ಕರೆಂಟು ಆಫ್ ಮಾಡಿ ಮನೆಗೆ ಹೋದ. ಬೆಳಿಗ್ಗೆ, "ಕರೆಂಟ್ ಓಗಿತ್ತು ಕಣವ್ವ, ಕಾಯ್ಲಿಲ್ಲ," ಅಂದ. ಒಂದು ಸುಳ್ಳನ್ನು ಮುಚ್ಚಲು ಇನ್ನೊಂದು. ದೀಪಿಕ "ಸರಿ ಅಣ್ಣ" ಅಂದಳು, ಅವನ ಮುಖ ಕೂಡ ನೋಡಲಿಲ್ಲ.

ಎಂಟು ದಿನ ನಿಂಗಯ್ಯ ಬಾಯಿ ಬಿಡಲಿಲ್ಲ. ಹೇಳಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬರುವನು, ಲ್ಯಾಬಿನ ಬಾಗಿಲಲ್ಲಿ ಯಾರಾದರೂ "ನಮಸ್ಕಾರ ನಿಂಗಯ್ಯ" ಅಂದರೆ ಜೋಡಿಸಿದ್ದೆಲ್ಲ ಚೆದುರಿಹೋಗುವುದು. ಕಳ್ಳತನ ಹೇಳಿಕೊಳ್ಳಬಹುದಿತ್ತೇನೋ. ಬಟನ್ನು ಬಾರದು ಅನ್ನುವುದನ್ನು ಹೇಗೆ ಹೇಳುವುದು? ಅಷ್ಟರಲ್ಲಿ ದೀಪಿಕ ಲ್ಯಾಬಿಗೆ ಬರುವುದೇ ನಿಂತಿತು. ಒಂದು ದಿನ, ಎರಡು ದಿನ, ಮೂರು ದಿನ.

ಭಾನುವಾರ ನಿಂಗಯ್ಯ ಒಗೆದ ಅಂಗಿ ಹಾಕಿಕೊಂಡು ಮಳವಳ್ಳಿಗೆ ಹೊರಟ. ವಿಳಾಸ ಕೇಳಿಕೊಂಡು ಹೋದರೆ ದೀಪಿಕಳ ತಾಯಿ ವನಜಾ ಬಾಗಿಲಿಗೇ ಎದುರು ಬಂದರು.

"ಅಯ್ಯೋ, ನಿಂಗಯ್ಯಣ್ಣ ಅಂದ್ರೆ ನೀವೇನಾ? ಬನ್ನಿ, ಒಳಿಕ್ ಬನ್ನಿ! ನಮ್ ದೀಪಿಕ ದಿನಾ ನಿಮ್ ಇಸ್ಯನೇ ಯೋಳ್ತಾಳೆ. ಯಾರ್ ಕೈ ಬುಟ್ರೂ ಆ ಅಣ್ಣ ಕೈ ಬುಡಲ್ಲ ಅಮ್ಮ ಅಂತಾಳೆ."

ನಿಂಗಯ್ಯ ಚಾಪೆಯ ತುದಿಯಲ್ಲಿ ಕೂತ. ದೀಪಿಕ ಒಳಗಿನಿಂದ ಬಂದಳು. ಮುಖ ಬಾಡಿತ್ತು.

"ಯಾಕವ್ವ ಕಾಲೇಜಿಗೆ ಬತ್ತಾ ಇಲ್ಲ?"

"ಬಿಡ್ತೀನಿ ಅಣ್ಣ. ನನ್ನ ಕೈಯಲ್ಲಿ ಆಗಲ್ಲ. ಮಾಡಿದ್ದನ್ನೇ ಮತ್ತೆ ಮಾಡಿದ್ರೂ ಒಂದೇ ಥರ ಬರಲ್ಲ ಅಂದ್ರೆ ನನ್ನಲ್ಲೇ ಏನೋ ಕೊರತೆ ಇದೆ. ಇಲ್ಲೇ ಒಂದು ಶಾಲೇಲಿ ಟೀಚರ್ ಕೆಲಸ ಇದೆಯಂತೆ."

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ ಎಂದು ನಿಂಗಯ್ಯನಿಗೆ ಗೊತ್ತಿತ್ತು. ಬಾಯಿ ತೆರೆದ. ಅಷ್ಟರಲ್ಲಿ ವನಜಾ ತಟ್ಟೆ ತಂದು ಇಟ್ಟರು. ಮುದ್ದೆ, ಬಸ್ಸಾರು, ಮೇಲೆ ತುಪ್ಪ.

"ನೀವಾರಾ ಬುದ್ದಿ ಯೋಳಿ ಅಣ್ಣ. ನಿಮ್ ಮಾತು ಅಂದ್ರೆ ಕೇಳ್ತಾಳೆ."

ಆ ಊಟವನ್ನು ನಿಂಗಯ್ಯ ತಲೆಯೆತ್ತದೆ ಉಂಡ. "ಬುಡಬ್ಯಾಡ ಕಣವ್ವ, ಬಾ," ಅಂತ ಮೂರು ಪದ ಹೇಳಿ ಎದ್ದ. ಹೊರಡುವಾಗ ವನಜಾ ಮಂಡಿನೋವಿಗೆ ಒಳ್ಳೆಯದೆಂದು ತಾವೇ ಕಾಯಿಸಿದ ಎಣ್ಣೆಯ ಶೀಸೆಯೊಂದನ್ನು ಮಾಯಮ್ಮನಿಗೆಂದು ಕೊಟ್ಟರು. ಮಾಯಮ್ಮನ ಮಂಡಿನೋವಿನ ವಿಷಯ ಅವರಿಗೆ ಮಗಳು ಹೇಳಿದ್ದಳು.

ಬಸ್ಸಿನಲ್ಲಿ ಆ ಶೀಸೆಯನ್ನು ಎಲ್ಲಿ ಹಿಡಿದುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಮನೆಗೆ ಬಂದವನು ಜಗುಲಿಯ ಮೇಲೆ ಹಾಗೇ ಕೂತುಬಿಟ್ಟ.

"ಯಾಕಿಂಗ್ ಕುಂತ್ಬುಟ್ರಿ? ಮೈಯಾಗ್ ಉಸಾರಿಲ್ವಾ?" ಅಂದಳು ಮಾಯಮ್ಮ.

ಹೆಂಡತಿಗೆ ಎಲ್ಲ ಹೇಳಿದ. ಐದು ಮನೆ, ಐದು ಸುಳ್ಳು, ಬಟನ್ನು, ಹುಡುಗಿಯ ಬಿರಿದ ಬೆರಳು, ಉಂಡು ಬಂದ ಊಟ. ಮಾಯಮ್ಮ ಶೀಸೆಯನ್ನು ತೆಗೆದುಕೊಂಡು ಮೂಸಿ ನೋಡಿ ಪಕ್ಕಕ್ಕಿಟ್ಟಳು.

"ನಂಗ್ ಮಂಡಿನೋವು ಅಂತ ಆ ಮಗೀನ್ ಬಾಳ್ ಆಳ್ ಮಾಡುದ್ರಾ? ನನ್ ತಲೆಗ್ ಕಟ್ಬ್ಯಾಡಿ ಅದ. ಅಸ ಕರಿಯಕೆ ಪಕ್ಕದ್ಮನೆ ಎಣ್ಮಗಳ್ನ ಕರ್ಕತೀನಿ, ಇಲ್ದಿದ್ರೆ ಮಾರ್ಬುಡಿ. ಅವ್ರ ಅಟ್ಟೀಲಿ ಉಂಡ್ ಬಂದಿದ್ದೀರ ನೀವು. ನಾಳೀಕ್ ಯೋಳ್ದೆ ಮನೇಗ್ ಬರ್ಬ್ಯಾಡಿ."

ಸೋಮವಾರ ಬೆಳಿಗ್ಗೆ ಪಾರ್ಥಸಾರಥಿಯವರು ಕೋಣೆಯ ಬೀಗ ತೆಗೆಯುವಾಗ ನಿಂಗಯ್ಯ ಬಾಗಿಲಲ್ಲೇ ನಿಂತಿದ್ದ. ಪುಣ್ಯಕ್ಕೆ ದೀಪಿಕಳೂ ಬಂದಿದ್ದಳು, ತನ್ನ ಸಾಮಾನು ತೆಗೆದುಕೊಂಡು ಹೋಗಲು.

"ಸಾ, ಒಂದ್ ಮಾತು. ಆ ವಮ್ಮನೂ ಇರ್ಲಿ."

ಲಾಗ್ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟ. "ಇದ್ರಾಗೆ ನಾನ್ ಬರ್ದಿರದೆಲ್ಲ ಸುಳ್ಳು ಸಾ. ನಾನ್ ಕೂತೇ ಇರ್ಲಿಲ್ಲ. ಮದ್ಯಾನ್ವೇ ಬರ್ದು ಬಸ್ಸಿಗೋಯ್ತಿದ್ದೆ. ಗೂಡು ಏಳ್ನೂರೈವತ್ತಕ್ಕೆ ಓಗೈತೆ. ನಾನೇ ಕಣ್ಣಾರೆ ಕಂಡೆ, ಕಂಡ್ಮೇಲೂ ಎಂಟು ದಿವ್ಸ ಮುಚ್ಕಂಡಿದ್ದೆ. ತಪ್ಪು ಈ ವಮ್ಮಂದಲ್ಲ, ನಂದು."

ಪಾರ್ಥಸಾರಥಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎದ್ದು ಹಿಂದಿನ ಕೋಣೆಗೆ ನಡೆದರು. ಫರ್ನೇಸಿನ ಮುಂದೆ ಬಗ್ಗಿ ಒಂದಾದ ಮೇಲೊಂದು ಬಟನ್ನು ಒತ್ತಿದರು. ತಾನು ಎಂದು, ಎಷ್ಟಕ್ಕೆ ಕಾದೆ ಅನ್ನುವುದನ್ನು ಮಿಷನ್ನು ತಾನೇ ನೆನಪಿಟ್ಟುಕೊಂಡಿತ್ತು. ನಿಂಗಯ್ಯನಿಗೆ ಅದೂ ಗೊತ್ತಿರಲಿಲ್ಲ. ದೀಪಿಕ ದಿನಾಂಕ ಓದುತ್ತ ಹೋದಳು, ಅವರು ಅಂಕಿ ಹೇಳುತ್ತ ಹೋದರು. ಹದಿನೆಂಟು ಸಲದಲ್ಲಿ ಹನ್ನೊಂದು ಸಲ ಏಳ್ನೂರೈವತ್ತು. ಹನಿ ಉಬ್ಬಿದ ದಿನಗಳು ಆ ಹನ್ನೊಂದೇ, ಒಂದೂ ಹೆಚ್ಚುಕಡಿಮೆ ಇಲ್ಲ.

ದೀಪಿಕ ಪುಸ್ತಕ ಮುಚ್ಚಿದಳು.

"ನನ್ನ ಕೈ ಸರಿ ಇಲ್ಲ ಅಂದ್ಕೊಂಡಿದ್ದೆ," ಅಂದಳು. ದನಿ ಏರಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. "ನಾಲ್ಕು ತಿಂಗಳು ಹಾಗೇ ಅಂದ್ಕೊಂಡೆ. ನಿನ್ನೆ ನಮ್ಮನೇಲಿ ಕೂತಿದ್ರಲ್ಲ ನಿಂಗಯ್ಯಣ್ಣ, ಆಗಲಾದ್ರೂ ಹೇಳ್ಬಹುದಿತ್ತು."



ಮಧ್ಯಾಹ್ನ ಪಾರ್ಥಸಾರಥಿಯವರು ಅವನನ್ನೊಬ್ಬನನ್ನೇ ಕರೆದರು. ಇಪ್ಪತ್ತೆರಡು ವರ್ಷದ ಪರಿಚಯ, ಅವರ ದನಿಯಲ್ಲೂ ಸಂಕೋಚವಿತ್ತು. "ವಿಭಾಗಕ್ಕೆ ವರದಿ ಕೊಡಬೇಕು. ಫರ್ನೇಸಿನ ದೋಷ ಅಂತ ಬರೆಯುತ್ತೇನೆ. ನಿಮ್ಮ ಹೆಸರು ಬೇಡ. ಅವಳನ್ನು ನಾನೂ ಸರಿಯಾಗಿ ವಿಚಾರಿಸದೆ ಅಂದುಬಿಟ್ಟೆ, ಅದೂ ಇದೆ."

ಹಾಗೆ ಬರೆಸಿಕೊಂಡರೆ ಎಲ್ಲ ಮುಗಿಯುತ್ತಿತ್ತು.

"ಬ್ಯಾಡ ಸಾ. ಮಿಷನ್ ಸರಿಯಾಗೇ ಐತೆ. ಇನ್ನೊಂದ್ ಸುಳ್ ಬರೆಯದು ಬ್ಯಾಡ. ನನ್ ಎಸ್ರೇ ಬರೀರಿ." ಆಮೇಲೆ ಅಂದ, "ಮತ್ತೆ ಇನ್ನೊಂದು ಸಾ. ಆ ಬಟನ್ನು ನಂಗೆ ಬರಾಕಿಲ್ಲ. ಅವತ್ ನೀವು ಗೊತ್ತಾಯ್ತಾ ಅಂದಾಗ ಗೊತ್ತಾಗಿರ್ಲಿಲ್ಲ."

ಬೆಳಗಿನ ಮಾತಿಗಿಂತ ಈ ಮಾತು ಹೇಳುವುದು ಅವನಿಗೆ ಹೆಚ್ಚು ಕಷ್ಟವಾಗಿತ್ತು.

ವರದಿ ಅವನ ಹೆಸರಿನಲ್ಲೇ ಹೋಯಿತು. ಎಚ್ಚರಿಕೆಯ ಪತ್ರ ಬಂತು, ಫರ್ನೇಸಿನ ಕೋಣೆಯ ಬೀಗದ ಕೈ ಬೇರೆಯವರ ಪಾಲಾಯಿತು. ಆರು ತಿಂಗಳು ನಿಂಗಯ್ಯ ಕೆಮಿಸ್ಟ್ರಿ ಸ್ಟೋರಿನಲ್ಲಿ ಗಾಜಿನ ಪಾತ್ರೆ ತೊಳೆದ. ಸುದ್ದಿ ಕಾಲೇಜಿಗೆಲ್ಲ ಹಬ್ಬಿತ್ತು. ಕ್ಯಾಂಟೀನಿನಲ್ಲಿ ಅವನು ಬಂದರೆ ಮಾತು ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಬೇರೆ ವಿಷಯಕ್ಕೆ ಹೊರಳುತ್ತಿತ್ತು. ಅವನು ಬುತ್ತಿಯನ್ನು ಸ್ಟೋರಿಗೇ ತಂದು ಉಣ್ಣತೊಡಗಿದ.

ದೀಪಿಕ ಟೀಚರ್ ಕೆಲಸಕ್ಕೆ ಹೋಗಲಿಲ್ಲ. ಹಾಳಾಯಿತೆಂದುಕೊಂಡ ಹನ್ನೊಂದು ತಗಡುಗಳನ್ನು ಏಳ್ನೂರೈವತ್ತರ ಲೆಕ್ಕಕ್ಕೆ ಸೇರಿಸಿ, ನಡುವಿನ ಶಾಖಗಳಿಗೆಲ್ಲ ಹೊಸದಾಗಿ ಕಾಸಿದಳು, ಪ್ರತಿ ಸಲವೂ ತಾನೇ ಕೂತು. ಪಾತ್ರೆ ಕೇಳಲು ಸ್ಟೋರಿಗೆ ಬರುತ್ತಿದ್ದಳು. "ಐವತ್ತರ ಬೀಕರ್ ಎರಡು ಬೇಕಿತ್ತು," ಅನ್ನುತ್ತಿದ್ದಳು. ಅಣ್ಣ ಅನ್ನುತ್ತಿರಲಿಲ್ಲ. ನಿಂಗಯ್ಯ ಅವಳ ಬೀಕರುಗಳನ್ನು ಬೇರೆಯಾಗಿ ಮೂರು ನೀರಿನಲ್ಲಿ ತೊಳೆದು ಇಟ್ಟಿರುತ್ತಿದ್ದ, ಹಾಗೆಂದು ಹೇಳುತ್ತಿರಲಿಲ್ಲ.

ಐದನೆಯ ತಿಂಗಳು ಒಂದು ಮಧ್ಯಾಹ್ನ ಅವಳು ಬೀಕರು ತೆಗೆದುಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ಸರ್ ಹೇಳಿದ್ರು, ಬಟನ್ ಬರಲ್ಲ ಅಂದ್ರಂತೆ. ಬನ್ನಿ." ಅಷ್ಟೇ ಅಂದು ಮುಂದೆ ನಡೆದಳು. ಫರ್ನೇಸಿನ ಮುಂದೆ ನಿಲ್ಲಿಸಿ ನಂಬರು ಆರಿಸುವುದನ್ನು ತೋರಿಸಿದಳು. ನಿಂಗಯ್ಯ ಎರಡು ಸಲ ತಪ್ಪಿದ. ಮೂರನೆಯ ಸಲ, "ತಿಳೀಲಿಲ್ಲ ಕಣವ್ವ, ಇನ್ನೊಂದ್ಸಲ ಯೋಳು," ಅಂದ. ಅವಳು ಮತ್ತೆ ತೋರಿಸಿದಳು. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ, ಹಳೆಯ ಸಲಿಗೆಯೂ ಇರಲಿಲ್ಲ.

ಹೋದ ವರ್ಷ ದೀಪಿಕಳ ಪಿಎಚ್‌ಡಿ ಪರೀಕ್ಷೆ ಮುಗಿಯಿತು. ಬೇರೆ ಊರಿನಿಂದ ಬಂದ ಪರೀಕ್ಷಕರು ಹೊಗಳಿ ಹೋದರು. ಕಾಲೇಜಿನ ಸಭಾಂಗಣದ ಹಿಂದೆ ಊಟಕ್ಕೆ ಎಲೆ ಹಾಕಿದ್ದರು. ನಿಂಗಯ್ಯ ನೀರು ಬಡಿಸುತ್ತಿದ್ದ. ವನಜಾ ಅವನನ್ನು ಕಂಡದ್ದೇ ಎಲೆಯ ಮುಂದಿನಿಂದ ಎದ್ದು ಬಂದರು.

"ನೀವ್ ಅವತ್ ಬಂದು ಬುದ್ದಿ ಯೋಳ್ದೆ ಇದ್ದಿದ್ರೆ ಇವ್ಳು ಬುಟ್ಬುಡ್ತಿದ್ಳು ಅಣ್ಣ. ಮಾರ್ನೇ ದಿವ್ಸ್ವೇ ಮತ್ತೆ ಶುರು ಮಾಡುದ್ಳು. ನಿಮ್ ಉಪ್ಕಾರ ಮರಿಯಕಿಲ್ಲ."

ವನಜಾರ ಹಿಂದೆ ದೀಪಿಕ ನಿಂತಿದ್ದಳು. ತಾಯಿಗೆ ಅವಳು ಏನೂ ಹೇಳಿಯೇ ಇಲ್ಲ ಎಂದು ಅವನಿಗೆ ಆಗ ಅರ್ಥವಾಯಿತು. ಅವನು ಅವಳ ಕಡೆ ನೋಡಿದ. ಅವಳು ಬೇಡ ಅನ್ನುವ ಹಾಗೆ ಸಣ್ಣಗೆ ತಲೆಯಾಡಿಸಿದಳು. ಅದು ಕ್ಷಮೆಯೋ, ಸಂತೋಷದ ದಿನ ಕೆಡಬಾರದೆಂಬ ಎಣಿಕೆಯೋ, ಅವನಿಗೆ ಇಂದಿಗೂ ಗೊತ್ತಿಲ್ಲ.

"ಮಾಯಮ್ಮಾರ್ನೂ ಕರ್ಕಂಡು ಒಂದಿನ ಮಳವಳ್ಳಿಗ್ ಬನ್ನಿ. ಉಣ್ಕಂಡೇ ಓಗ್ಬೇಕು," ಅಂದರು ವನಜಾ.

"ಬತ್ತೀನಿ ಕಣಮ್ಮ," ಅಂದ ನಿಂಗಯ್ಯ.

ಮಾಯಮ್ಮ ಹೋಗೋಣ ಎಂದು ಮೂರು ಸಲ ಹೊರಡಿಸಿದ್ದಾಳೆ. ಅವನು ಇನ್ನೂ ಹೋಗಿಲ್ಲ.